ಎಂಜಿನ್ ಕೂಡಿಸಿದ ಮ್ಯಾಲಿನ ಕೆಲಸ

ಹಳೇ ಗಾಡಿಗೆ ಬ್ಯಾರೆ ಎಂಜಿನ್ ಕೂಡಿಸಿದರ ಕೆಲಸ ಮುಗೀತು ಅಂತ ನಮ್ಮ ಕಡೆ ಭಾಳ ಜನ ತಿಳಕೊಂಡಾರ. ಎಂಜಿನ್ ಕುಂತಿತು, ಕೀಲಿ ತಿರುವಿದ ಕೂಡಲೆ ಸುರು ಆತು, ಕಾಯಿ ಒಡೆದು ಪೇಢೆ ಹಂಚಿದರು. ಖರೇ ಕೆಲಸ ಸುರು ಆಗೂದು ಅದರ ಮರುದಿನ, ಗಾಡಿ ನಿಂತ ಜಾಗಾದಾಗ ನೆಲದ ಮ್ಯಾಲೆ ಕರೀ ಹನಿ ಕಂಡಾಗ. ನಮ್ಮ ವಾಚನಾಲಯದ ಹುಡುಗರು ಈ ಪುಸ್ತಕಕ್ಕ ಒಂದು ಲೇಖನ ಕೊಡ್ರಿ, ಡೊಳ್ಳಿನ ಪದದ ಬಗ್ಗೆ ಬರೀರಿ ಅಂದರು. ಪದದ ಬಗ್ಗೆ ಬಲ್ಲವರು ಬಾಳ ಮಂದಿ ಬರೆದಾರ. ನಾನು ಪದ ಹೊತ್ತೊಯ್ಯೂ ಗಾಡಿಯ ಬಗ್ಗೆ ಬರೀತೀನಿ ಅಂದೆ. ನಮ್ಮ ಜತ್ತ ತಾಲೂಕಿನಾಗ ಇವತ್ತಿಗೂ ಊರಿಗೆ ಎರಡು ಮೂರು ಹಳೇ ಜೀಪು ಅದಾವ. ಇದನ್ನ ಓದಿ ಒಬ್ಬರಿಗಾದರೂ ಉಪಯೋಗ ಆದರ ಸಾಕು.

ನಮ್ಮ ಮೇಳದ ಜೀಪು ಮೊದಲು ಪೆಟ್ರೋಲ್ ಗಾಡಿ. ಸ್ವಾತಂತ್ರ್ಯ ಬಂದ ಹೊಸದರಾಗ ಮುಂಬೈದಾಗ ಮಹೀಂದ್ರದವರು ಅಮೇರಿಕಾದ ವಿಲ್ಲಿಸ್ ಜೀಪಿನ ಸಾಮಾನು ತರಿಸಿ ಜೋಡಿಸಾಕ ಹತ್ತಿದರು, ಆಮ್ಯಾಲೆ ಇಲ್ಲೇ ಮಾಡಿದರು. ಆ ವಂಶದ ಗಾಡಿ ಇದು. ಅದರ ಪೆಟ್ರೋಲ್ ಎಂಜಿನ್ ನಾಕು ಸಿಲಿಂಡರಿಂದು, ಸುಮಾರು 2.2 ಲೀಟರಿಂದು. ಶಕ್ತಿ ಇತ್ತು, ಆದರ ಕುಡಿಯೂದೂ ಹಂಗೇ ಇತ್ತು. ಹತ್ತು ಮಂದಿ ಹಾಡಿಕಿಯವರು, ಎರಡು ಡೊಳ್ಳು, ಒಂದು ಹಾಸಿಗಿ ಗಂಟು ಹಾಕಿಕೊಂಡು ಒಂದು ಜಾತ್ರಿಗೆ ಹೋಗಿ ಬಂದರ ಸಿಕ್ಕ ಸಂಭಾವನೆಯೆಲ್ಲಾ ಪೆಟ್ರೋಲಿಗೇ ಹೋಗೂದು. ಅದಕ್ಕ ನಮ್ಮ ಕಡೆ ಎಷ್ಟೋ ಮಂದಿ ಮಾಡಿದ್ದನ್ನೇ ನಾವೂ ಮಾಡಿದಿವಿ. ಗುಜರಿಯಿಂದ ಮಹೀಂದ್ರದ 540 ಜೀಪಿಗೆ ಬರತಿದ್ದ ಪ್ಯೂಜೋ ಡೀಸೆಲ್ ಎಂಜಿನ್ ಒಂದು ತಗೊಂಡು ಕೂಡಿಸಿದಿವಿ. ನಾಕು ಸಿಲಿಂಡರ್, 2.1 ಲೀಟರ್. ರೊಕ್ಕ ಮೇಳದವರೆಲ್ಲಾ ಕೂಡಿ ಹಾಕಿದ್ದು. ಒಬ್ಬರು ಆಡು ಮಾರಿದರು, ಒಬ್ಬರು ದಾಳಿಂಬ್ರಿ ರೊಕ್ಕದಾಗ ಕೊಟ್ಟರು, ಇಬ್ಬರು ಕಬ್ಬು ಕಡಿಯಾಕ ಹೋದಾಗಿನ ಮುಂಗಡ ತಂದು ಇಟ್ಟರು. ಕೂಡಿಸುವ ಕೆಲಸ ಒಂದು ದೊಡ್ಡ ಊರಿನ ಗ್ಯಾರೇಜಿನವರು ಮಾಡಿದರು. ಅದರ ಹೆಸರು ಇಲ್ಲಿ ಬ್ಯಾಡ.

ಗಾಡಿ ಮನಿಗೆ ಬಂದ ವಾರದಾಗ ಮೂರು ಸಂಗತಿ ಆದವು. ಒಂದು, ರಾತ್ರಿ ನಿಲ್ಲಿಸಿದ ಜಾಗಾದಾಗ ಮುಂಜಾನೆ ಅಂಗೈಯಷ್ಟು ಆಯಿಲ್. ಎರಡು, ಘಾಟಿ ಏರೂವಾಗ ಬಾನೆಟ್ಟಿನ ಕೆಳಗಿಂದ ನೀಲಿ ಹೊಗಿ, ಸುಟ್ಟ ಎಣ್ಣಿ ವಾಸನಿ. ಮೂರು, ಗೇರ್ ಬದಲಿಸಿದಾಗೊಮ್ಮೆ ಕೆಳಗಿಂದ ‘ಠಕ್’ ಅಂತ ಸಪ್ಪಳ. ದೀಪಾವಳಿಗೆ ಆಗ ಒಂಬತ್ತು ದಿನ ಉಳಿದಿದ್ದವು.

ದೀಪಾವಳಿ ಅಂದ್ರ ನಮಗ ಹುಲಜಂತಿ. ಮಂಗಳವೇಢೆ ತಾಲೂಕಿನ ಹುಲಜಂತಿಯೊಳಗ ಮಹಾಲಿಂಗರಾಯನ ಜಾತ್ರಿ ದೀಪಾವಳಿ ಅಮಾಸಿಗೆ. ಅಮಾಸಿ ರಾತ್ರಿ ದೇವರ ಗುಡಿ ಶಿಖರಕ್ಕ ಶಿವ ಬಂದು ಮುಂಡಾಸ ಸುತ್ತತಾನ ಅಂತ ನಂಬಿಕಿ. ಊರೂರಿನ ಪಲ್ಲಕ್ಕಿ ಕೂಡ್ತಾವ, ಭಂಡಾರ ಹಾರತೈತಿ, ಡೊಳ್ಳಿನ ಸಪ್ಪಳಕ್ಕ ಎದಿಯೊಳಗಿನ ಎಲುಬು ನಡುಗತಾವ. ನಮಗ ಪದ ಕಲಿಸಿದ ಕಾಕಾ ಆಗ ಎಂಬತ್ತು ದಾಟಿದ್ದರು. ಮೊಣಕಾಲು ಹಿಡಿದಿದ್ದವು, ಎಸ್‌ಟಿ ಬಸ್ಸಿನ ಮೆಟ್ಟಲ ಏರಾಕ ಆಗತಿರಲಿಲ್ಲ. ಹಿಂದಿನ ಎರಡು ವರ್ಷ ಅವರು ಹುಲಜಂತಿಗೆ ಹೋಗಿದ್ದಿಲ್ಲ. ಜೀಪಿನ ಮುಂದಿನ ಸೀಟಿನಾಗ ಎತ್ತಿ ಕೂಡಿಸಿದರ ಹೋಗತೀನಿ ಅಂತ ಆ ವರ್ಷ ದಸರಾದಾಗಿಂದ ಹೇಳಿಕೋತ ಬಂದಿದ್ದರು.

ನನ್ನ ಹಿರೀಮಗ ಗಾಡಿ ಕೆಳಗ ಬಗ್ಗಿ ನೋಡಿದ. “ಅಪ್ಪಾ, ಇದನ್ನ ಇದ್ದ ಬೆಲಿಗೆ ಮಾರೂಣು. ಹಿಂದ ಸಣ್ಣ ಹುಡುಗರು ಕುಂತಿರತಾವ. ಸೈಲೆನ್ಸರ ಪೈಪಿನ ಮ್ಯಾಲೆ ಆಯಿಲ್ ಬೀಳಾಕ ಹತ್ತೇತಿ. ಒಂದಿನ ಹೊತ್ತಿತಂದ್ರ?” ಅಂದ. ಅವನ ಮಾತಿನಾಗ ಸುಳ್ಳು ಇರಲಿಲ್ಲ. ಕಾದ ಪೈಪಿನ ಮ್ಯಾಲೆ ಬಿದ್ದ ಆಯಿಲ್ ಮೊದಲು ಹೊಗಿ ಆಗತೈತಿ. ಅದರಾಗ ಡೀಸೆಲ್ ಪೈಪೂ ಸೋರಿದರ, ಇಲ್ಲಾ ಚಿಂದಿ ಬಟ್ಟಿ ಸಿಕ್ಕಿಕೊಂಡಿದ್ದರ ಬೆಂಕಿ ಹತ್ತಾಕ ತಡ ಇಲ್ಲ. ಗ್ಯಾರೇಜಿಗೆ ಫೋನ್ ಮಾಡಿದಿವಿ. “ಹಿಂದಿನ ಆಯಿಲ್ ಸೀಲ್ ಹೋಗಿರಬೇಕು. ಎಂಜಿನ್ ಮತ್ತ ಇಳಿಸಬೇಕಾಗತೈತಿ. ದೀಪಾವಳಿ ಆದ ಮ್ಯಾಲೆ ತರ್ರಿ” ಅಂದರು. ಖರ್ಚು ಹೇಳಿದರು. ಅಷ್ಟು ರೊಕ್ಕ ನಮ್ಮ ಹತ್ಯಾಕ ಇರಲಿಲ್ಲ.

ಆಗ ನಮ್ಮ ಊರ ಪಂಪ್‌ಸೆಟ್ ಮಿಸ್ತ್ರಿಯನ್ನ ಕರೆಸಿದಿವಿ. ಅವ ಬಾವಿ ಮ್ಯಾಲಿನ ಡೀಸೆಲ್ ಎಂಜಿನ್, ಟ್ರ್ಯಾಕ್ಟರ್ ರಿಪೇರಿ ಮಾಡಿ ಕೈ ಪಳಗಿದವ. ಸಾಲಿ ಕಲಿತಿದ್ದು ನನಗಿಂತ ಕಡಿಮಿ. ಬಂದವನೇ ಪಾನಾ ಹಿಡೀಲಿಲ್ಲ. ಗಾಡಿ ಸುತ್ತ ಒಮ್ಮೆ ತಿರುಗಿ, “ಮೊದಲು ಇದರ ಮೈ ತೊಳೀರಿ. ಹೊಲಸು ಮೈಮ್ಯಾಲೆ ಗಾಯ ಎಲ್ಲಿ ಐತಿ ಅಂತ ಹೆಂಗ ತಿಳೀಬೇಕು?” ಅಂದ.

ಇದು ಮೊದಲನೇ ಪಾಠ. ಆಯಿಲ್ ಎಲ್ಲಿ ತೊಟ್ಟಿಕ್ಕತೈತಿ ಅದು ಸೋರುವ ಜಾಗಾ ಅಲ್ಲ. ಮ್ಯಾಲೆ ಎಲ್ಲೋ ಹೊರಗ ಬಂದು, ಇಳಿಜಾರು ಹಿಡಿದು ಕೆಳಗ ಹರೀತೈತಿ. ಗಾಡಿ ಓಡೂವಾಗ ಎದುರುಗಾಳಿ ಅದನ್ನ ಹಿಂದಕ್ಕ ತಳ್ಳತೈತಿ. ಅದಕ್ಕ ಎಲ್ಲಾಕಿಂತ ಮ್ಯಾಲೆ, ಎಲ್ಲಾಕಿಂತ ಮುಂದ ಹಸಿ ಇರೂ ಜಾಗಾ ಹುಡುಕಬೇಕು. ಹಿಂದ ಕೆಳಗ ಹನಿ ಕಂಡಿತು ಅಂತ ಹಿಂದಿನ ಸೀಲ್ ಹೋಗೇತಿ ಅನ್ನೂದು ಅವಸರದ ಮಾತು.

ಡೀಸೆಲ್ ಮತ್ತು ಬ್ರಶ್ ತಗೊಂಡು ಒಂದಿಡೀ ದಿನ ತೊಳೆದಿವಿ. ಕೆಳಗ ಹಳೇ ಬುಟ್ಟಿ ಇಟ್ಟು ಹೊಲಸು ಹಿಡಿದಿವಿ, ಯಾಕಂದ್ರ ನಮ್ಮ ಬಾವಿ ಹತ್ತರ ಐತಿ. ಜತ್ತಿನ ಪೂರ್ವ ಭಾಗದವರಿಗೆ ಬಾವಿಯೊಳಗಿನ ಒಂದು ಕೊಡ ನೀರಿನ ಬೆಲೆ ಏನು ಅಂತ ಬ್ಯಾರೆ ಹೇಳಬೇಕಾಗಿಲ್ಲ. ಬಟ್ಟಿಯಿಂದ ಒರಸಿ, ಬಿಸಿಲಿಗೆ ಒಣಗಿಸಿದ ಮ್ಯಾಲೆ ಮಿಸ್ತ್ರಿ ಮುಖಕ್ಕ ಹಚ್ಚೂ ಪೌಡರ ತರ್ರಿ ಅಂದ. ಸೊಸಿ ನಕ್ಕೋತ ಡಬ್ಬಿ ತಂದು ಕೊಟ್ಟಳು. ಜೋಡಣಿ ಇದ್ದಲ್ಲೆಲ್ಲಾ, ಅಂದ್ರ ಟ್ಯಾಪೆಟ್ ಕವರಿನ ಅಂಚು, ಮುಂದಿನ ಟೈಮಿಂಗ್ ಕವರು, ಕೆಳಗಿನ ಚೇಂಬರಿನ ಸುತ್ತ, ಪೌಡರ ಉದುರಿಸಿದ. ಎಂಜಿನ್ ಸುರು ಮಾಡಿ ನಿಂತಲ್ಲೇ ಇಪ್ಪತ್ತು ಮಿನಿಟ ಓಡಿಸಿದಿವಿ. ಬಂದ್ ಮಾಡಿ ಬ್ಯಾಟರಿ ಹಚ್ಚಿ ನೋಡಿದರ ಬೆಳ್ಳಗಿನ ಪೌಡರಿನ ಮ್ಯಾಲೆ ಮೂರು ಕಡೆ ಕರೀ ಗೆರಿ ಮೂಡಿದ್ದವು. ಟ್ಯಾಪೆಟ್ ಕವರಿನ ಹಿಂದಿನ ಮೂಲಿ, ಟೈಮಿಂಗ್ ಕವರಿನ ಕೆಳಗ, ಚೇಂಬರಿನ ಎಡಗಡೆ.

ನಾನು “ಮೂರೂ ಗ್ಯಾಸ್ಕೆಟ್ ಹೋಗ್ಯಾವ” ಅಂದೆ. ಮಿಸ್ತ್ರಿ ತಲಿ ಅಲ್ಲಾಡಿಸಿದ. “ಅಣ್ಣಾ, ಮೂರೂ ಹೊಸಾವು ಹಾಕ್ಯಾರ. ಒಂದು ಹೋಗಬಹುದು. ಮೂರೂ ಒಮ್ಮಿಗೇ ಯಾಕ ಹೋಗತಾವ? ಒಳಗಿಂದ ಯಾವುದೋ ಒತ್ತಾಕ ಹತ್ತೇತಿ” ಅಂದ. ಮತ್ತ ಎಂಜಿನ್ ಸುರು ಮಾಡಿಸಿ, ಆಯಿಲ್ ಹಾಕೂ ಬಾಯಿಯ ಮುಚ್ಚಳ ತೆಗೆದ. ಬುಸ್ ಅಂತ ಗಾಳಿ ಬಂತು. ಅಂಗೈ ಇಟ್ಟರ ಅಂಗೈ ಮ್ಯಾಲಕ್ಕ ಎತ್ತೂ ಹಂಗ.

ಇದರ ಕಾರಣ ಓದುಗರು ತಿಳಕೋಬೇಕು. ಯಾವ ಎಂಜಿನ್ನಿನಾಗಲಿ, ಸಿಲಿಂಡರಿನಾಗ ಉರಿದ ಹೊಗಿ ಸ್ವಲ್ಪ ರಿಂಗುಗಳ ಸಂದಿಯಿಂದ ಕೆಳಗಿನ ಹೊಟ್ಟಿಗೆ ಇಳೀತೈತಿ. ಹೊಸ ಎಂಜಿನ್ನಿನಾಗ ಕಡಿಮಿ, ಹಳೇದರಾಗ ಜಾಸ್ತಿ. ಅದು ಹೊರಗ ಹೋಗಾಕ ಒಂದು ನಳಿ ಇರತೈತಿ, ಬ್ರೀದರ್ ಅಂತಾರ. ಆ ನಳಿ ಮುಚ್ಚಿದರ ಹೊಟ್ಟಿ ಉಬ್ಬಿ, ಒಳಗಿನ ಗಾಳಿ ಆಯಿಲನ್ನ ತಳ್ಳಿಕೊಂಡು ಎಲ್ಲಿ ಸಡಿಲ ಸಿಗತೈತಿ ಅಲ್ಲಿ ಹೊರಗ ಹಾಕತೈತಿ. ನೀವು ನೂರು ಸಲ ಗ್ಯಾಸ್ಕೆಟ್ ಬದಲಿಸಿದರೂ ಅಷ್ಟೇ. ಹಾಡವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಉಸಿರು ಬಿಡೂ ಜಾಗಾದಾಗ ಬಿಡದ ಬಿಗಿ ಹಿಡಿದು ಹಾಡಿದರ ಕೊರಳಿನ ನರ ಉಬ್ಬಿ ಧ್ವನಿ ಒಡೀತೈತಿ.

ನಳಿ ಹುಡುಕಿದಿವಿ. ಡೀಸೆಲ್ ಎಂಜಿನ್ ಈ ಜೀಪಿಗೆ ಅಂತ ಮಾಡಿದ್ದಲ್ಲ. ಕೂಡಿಸಿದಾಗ ಅದರ ಹಿಂಭಾಗ ಡ್ರೈವರ್ ಮುಂದಿನ ತಗಡಿಗೆ ಭಾಳ ಸಮೀಪ ಬಂದಿತ್ತು. ನಳಿಗೆ ರಬ್ಬರ್ ಪೈಪು ಹಾಕಾಕ ಜಾಗಾ ಸಾಲದ್ದಕ್ಕ, ಕೂಡಿಸಿದವರು ಅದರ ಬಾಯಿಗೆ ಕಟ್ಟಿಗಿ ಬೆಣಿ ಬಡಿದು ಮ್ಯಾಲೆ ಕ್ಲಿಪ್ ಹಾಕಿ ಬಿಗಿದಿದ್ದರು. ಮಿಸ್ತ್ರಿ ಬೆಣಿ ಕಿತ್ತು ನನ್ನ ಕೈಯಾಗ ಕೊಟ್ಟ. ಬೆಟ್ಟಿನಷ್ಟು ಉದ್ದ ಇತ್ತು. ಡೊಂಕಾಗಿ ಬಾಗೂ ರಬ್ಬರ್ ಪೈಪ್ ಹಾಕಿ, ಏರ್ ಕ್ಲೀನರಿನ ಕಡೆ ಹಾಯಿಸಿದಿವಿ. ಮತ್ತ ಮುಚ್ಚಳ ತೆಗೆದು ನೋಡಿದರ ಗಾಳಿ ಬರೇ ಸಣ್ಣಗ ಆಡತಿತ್ತು. ರಿಂಗು ಚೊಲೋ ಅದಾವ ಅಂತ ಅದರಿಂದ ಖಾತ್ರಿ ಆತು. ನಳಿ ಬಿಚ್ಚಿದ ಮ್ಯಾಲೂ ಬುಸ್ ಅಂತಿದ್ದರ ರಿಂಗು, ಸಿಲಿಂಡರ್ ಸವೆದಾವ ಅಂತ ತಿಳೀಬೇಕು. ಆಗ ಮ್ಯಾಲಿನ ತ್ಯಾಪಿಯಿಂದ ಏನೂ ಆಗೂದಿಲ್ಲ.

ಒತ್ತಡ ಇಳೀತು, ಆದರ ಅದು ಮಾಡಿದ ಹಾನಿ ಉಳಿದಿತ್ತು. ಸೋರಾಕ ಹತ್ತಿದಾಗ ಗ್ಯಾರೇಜಿನವರು ಬೋಲ್ಟುಗಳನ್ನ ಶಕ್ತಿ ಹಾಕಿ ಬಿಗಿದಿದ್ದರು. ಚೇಂಬರು ಅಂದ್ರ ತಗಡು. ಅತೀ ಬಿಗಿದರ ಬೋಲ್ಟಿನ ತೂತಿನ ಸುತ್ತ ತಗಡು ಮ್ಯಾಲಕ್ಕ ಉಬ್ಬತೈತಿ, ಎರಡು ಬೋಲ್ಟಿನ ನಡುವ ಸಂದಿ ಬೀಳತೈತಿ, ಕಾರ್ಕಿನ ಗ್ಯಾಸ್ಕೆಟ್ ಹಿಂಡಿ ಹೊರಗ ಬರತೈತಿ. ಬಿಗಿದಷ್ಟೂ ಸೋರೂದು ಹೆಚ್ಚು. ಮಿಸ್ತ್ರಿ ಚೇಂಬರ್ ಇಳಿಸಿ, ಅಂಚನ್ನ ಕಟ್ಟಿಗಿ ದಿಮ್ಮಿ ಮ್ಯಾಲಿಟ್ಟು, ಉಬ್ಬಿದ ತೂತುಗಳನ್ನ ಸಣ್ಣ ಹಾತೋಡಿಯಿಂದ ಒಂದೊಂದಾಗಿ ಬಡಿದು ಸಮ ಮಾಡಿದ. ಕೆಳಗ ನೋಡಿದರ ಸಿಲಿಕಾನ್ ಅಂಟಿನ ತುಂಡುಗಳು ಆಯಿಲ್ ಜಾಳಿಗಿಗೆ ಅಂಟಿದ್ದವು. ಹೊರಗ ಸೋರಬಾರದು ಅಂತ ಡಬ್ಬಿಗಟ್ಟಲೆ ಅಂಟು ಮೆತ್ತಿದರ ಒಳಗಿನ ಹೆಚ್ಚಿನದು ಕಿತ್ತು ಬಿದ್ದು ಜಾಳಿಗಿ ಕಟ್ಟತೈತಿ. ಪಂಪಿಗೆ ಆಯಿಲ್ ಏರಲಿಲ್ಲ ಅಂದ್ರ ಬೇರಿಂಗ್ ಸುಡತಾವ. ಸೋರೂ ಎಂಜಿನ್ ಹತ್ತು ವರ್ಷ ಓಡೀತು, ಆಯಿಲ್ ಏರದ ಎಂಜಿನ್ ಹತ್ತು ಮಿನಿಟ ಓಡೂದಿಲ್ಲ. ಅಂಟು ಹಚ್ಚೂದಿದ್ದರ ಒಂದು ಸಣ್ಣ ದಾರದಷ್ಟು, ಒರಸಿ ಒಣಗಿಸಿದ ಜಾಗಾಕ್ಕ ಅಷ್ಟೇ.

ಕೂಡಿಸೂವಾಗ ಮಿಸ್ತ್ರಿ ಬೋಲ್ಟುಗಳನ್ನ ಒಂದು ಈ ಕಡೆ, ಒಂದು ಅದರ ಎದುರಿಗೆ, ಹಂಗ ಮೂರು ಸುತ್ತಿನಾಗ ಸ್ವಲ್ಪ ಸ್ವಲ್ಪ ಬಿಗಿದ. ನೋಡಿಕೋತ ನಿಂತ ಮೇಳದ ಹುಡುಗರಿಗೆ ಇದೇನು ಹೊಸದಲ್ಲ. ಡೊಳ್ಳಿನ ಹಗ್ಗ ಬಿಗಿಯೂದೂ ಹಿಂಗೇ. ಒಂದೇ ಕಡೆ ಎಳಕೋತ ಹೋದರ ಚರ್ಮ ಒಂದು ಕಡೆ ಹರಿಯಾಕ ಬರತೈತಿ, ಇನ್ನೊಂದು ಕಡೆ ಬೊದ್ದಾಗತೈತಿ. ಆಯಿಲ್ ಇಳಿಸೂ ಬೋಲ್ಟಿನ ತಾಮ್ರದ ವಾಯಸರು ಗಟ್ಟಿ ಆಗಿತ್ತು. ಹೊಸದು ಸಿಗಲಿಲ್ಲ. ಒಲಿಯಾಗ ಕೆಂಪಗ ಕಾಯಿಸಿ ನೀರಾಗ ಅದ್ದಿದ. ಕಬ್ಬಿಣ ಹಿಂಗ ಮಾಡಿದರ ಗಟ್ಟಿ ಆಗತೈತಿ, ತಾಮ್ರ ಮೆತ್ತಗ ಆಗತೈತಿ. ಮೆತ್ತಗ ಆದ ತಾಮ್ರ ಮತ್ತ ಕುಂತು ಹಿಡೀತು.

ಇನ್ನ ‘ಠಕ್’ ಸಪ್ಪಳ. ಪೆಟ್ರೋಲ್ ಜೀಪಿನ ಗೇರ್ ಬಾಕ್ಸಿಗೆ ಡೀಸೆಲ್ ಎಂಜಿನ್ ನೇರ ಕೂಡೂದಿಲ್ಲ. ನಡುವ ಒಂದು ದಪ್ಪ ಪ್ಲೇಟು ಕೊರೆದು ಹಾಕಿದ್ದರು. ಕೆಳಗ ಮಲಗಿ ಮುಟ್ಟಿ ನೋಡಿದರ ಆ ಪ್ಲೇಟಿನ ಒಂದು ಬೋಲ್ಟಿನ ತಲಿ ಕೈಯಾಗೇ ಬಂತು. ಇನ್ನೊಂದು ಬೆರಳಿಂದ ತಿರುಗತಿತ್ತು. ಗೇರ್ ಬಾಕ್ಸ್ ಹಿಂದಕ್ಕ ಸರಿಸದ ಗತಿ ಇರಲಿಲ್ಲ. ಆರು ಮಂದಿ ಹಿಡಿದು ಸರಿಸಿದಿವಿ. ಕ್ಲಚ್ ಪ್ಲೇಟು ಒಣಗೇ ಇತ್ತು, ಅದು ನಮ್ಮ ಪುಣ್ಯ. ಫ್ಲೈವೀಲಿನ ಹಿಂದ ಎಂಜಿನ್ನಿನ ಸೀಲಿನ ಸುತ್ತಲೂ ಒಣಗಿತ್ತು. ಹಿಂದಿನ ಸೀಲ್ ಹೋಗೇತಿ, ಎಂಜಿನ್ ಇಳಿಸಬೇಕು ಅಂದಿದ್ದರಲ್ಲ, ಆ ಸೀಲಿಗೆ ಏನೂ ಆಗಿರಲಿಲ್ಲ. ಗೇರ್ ಬಾಕ್ಸಿನ ಮುಂದಿನ ಬಾಯಿಯಾಗ ಮಾತ್ರ ಹಸಿ ಇತ್ತು. ಮಿಸ್ತ್ರಿ ಬೆರಳಿಗೆ ಹಚ್ಚಿ ಮೂಸಿ ನೋಡಿ ನಮಗೂ ಮೂಸಾಕ ಕೊಟ್ಟ. ಡೀಸೆಲ್ ಎಂಜಿನ್ನಿನ ಆಯಿಲ್ ಕಾಡಿಗಿಯಂಗ ಕರ್ರಗ, ತೆಳ್ಳಗ. ಗೇರ್ ಆಯಿಲ್ ಬೆಲ್ಲದ ಪಾಕದ ಬಣ್ಣ, ದಪ್ಪ, ಗಂಧಕದ ನಾತ. ಬಣ್ಣ ಮತ್ತು ವಾಸನಿ ಎರಡು ಗೊತ್ತಿದ್ದರ ಯಾವ ಮನಿ ಸೋರತೈತಿ ಅಂತ ಕಣ್ಣು ಮುಚ್ಚಿ ಹೇಳಬಹುದು. ಅಲ್ಲಿಗೆ ದಪ್ಪ ಕಾಗದದ ಗ್ಯಾಸ್ಕೆಟ್ ಅವನೇ ಮಾಡಿದ. ಕಾಗದ ಅದರ ಮ್ಯಾಲಿಟ್ಟು ಅಂಚಿನ ಗುಂಟ ಗುಂಡು ಹಾತೋಡಿಯಿಂದ ಸಣ್ಣಗ ಬಡಿದರ ಅಂಚೇ ಕಾಗದವನ್ನ ಕೊರೀತೈತಿ.

ಮುರಿದ ಬೋಲ್ಟಿನ ಮುಖವನ್ನ ಮಿಸ್ತ್ರಿ ಬಿಸಿಲಿಗೆ ಹಿಡಿದು ತೋರಿಸಿದ. ಅರ್ಧಕ್ಕ ಹೆಚ್ಚು ಭಾಗ ನುಣ್ಣಗ, ತುಕ್ಕಿನ ಬಣ್ಣ ಏರಿತ್ತು. ಉಳಿದಿದ್ದು ಸಕ್ಕರಿ ಕಾಳಿನಂಗ ಹೊಳೀತಿತ್ತು. “ನುಣ್ಣಗಿಂದು ದಿನಾ ಸ್ವಲ್ಪ ಸ್ವಲ್ಪ ಸೀಳಿದ್ದು. ಹೊಳಿಯೂದು ಒಮ್ಮಿಗೇ ಹೋಗಿದ್ದು. ಬೋಲ್ಟು ಸಡಿಲ ಇತ್ತು, ಅಲ್ಲಾಡಿ ಅಲ್ಲಾಡಿ ಸತ್ತೈತಿ” ಅಂದ. ಬಿಗಿದ ಬೋಲ್ಟು ಸಡಿಲ ಯಾಕ ಆತು? ಪಕ್ಕದ ಬೋಲ್ಟು ಬಿಚ್ಚಿ ಅಳತಿ ಮಾಡಿದಾಗ ಗುಟ್ಟು ಗೊತ್ತಾತು. ಹಳೇ ಜೀಪಿನ ಸಾಮಾನೆಲ್ಲಾ ಇಂಚಿನ ಅಳತಿ. ಡೀಸೆಲ್ ಎಂಜಿನ್ ಮಿಲಿಮೀಟರ್ ಅಳತಿ. ಎಂಜಿನ್ನಿನ ತೂತು 10 ಮಿಲಿಮೀಟರಿಂದು, ಥ್ರೆಡ್ಡಿನಿಂದ ಥ್ರೆಡ್ಡಿಗೆ 1.5 ಮಿಲಿಮೀಟರ್. ಅದರಾಗ ಹಳೇ 3/8 ಇಂಚಿನ ಬೋಲ್ಟು ತಿರುವಿದ್ದರು. ಅದು 9.5 ಮಿಲಿಮೀಟರ್ ದಪ್ಪ, ಇಂಚಿಗೆ 16 ಥ್ರೆಡ್, ಅಂದ್ರ ಸುಮಾರು 1.59. ನಾಕು ಸುತ್ತು ಸಲೀಸು ಹೋಗತೈತಿ, ಆಮ್ಯಾಲೆ ಥ್ರೆಡ್ಡಿಗೆ ಥ್ರೆಡ್ ಸಿಕ್ಕಿ ಬಿಗಿ ಆಗತೈತಿ. ಕೈಗೆ ಬಿಗಿ ಹತ್ತಿತು ಅಂತ ಬಿಡತಾರ. ಬೋಲ್ಟಿನ ತಲಿ ಪ್ಲೇಟನ್ನ ಹಿಡಿದೇ ಇರೂದಿಲ್ಲ. ಎರಡು ಮನಿತನದ ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡಿಸಿದಲ್ಲಿ ಈ ಅಪಾಯ ಯಾವಾಗಲೂ ಇರತೈತಿ. ಯಾವ ಬೋಲ್ಟೂ ಮೊದಲು ಕೈಬೆರಳಿಂದ ಕೊನೀತನಕ ಹೋಗಬೇಕು. ಪಾನಾ ಹಚ್ಚೂದು ತಲಿ ಕುಂತ ಮ್ಯಾಲೆ.

ತೂತಿನಾಗ ಉಳಿದ ತುಂಡು ಅರ್ಧ ಇಂಚು ಹೊರಗ ಚಾಚಿತ್ತು. ಅದನ್ನ ಪಕ್ಕಡದಿಂದ ಹಿಡಿದು ತಿರುವಾಕ ನನ್ನ ಅಳಿಯ ಮುಂದಾದ. ಮಿಸ್ತ್ರಿ ಬ್ಯಾಡ ಅಂದ. ಸಿಕ್ಕಿದ ಬೋಲ್ಟನ್ನ ಜಗ್ಗಿದರ ಇನ್ನೂ ಕೆಳಗ ಮುರೀತೈತಿ. ಆ ರಾತ್ರಿ ಕರೆಂಟ್ ಬಂದಾಗ ವೆಲ್ಡಿಂಗ್ ಮಾಡೂ ಹುಡುಗನ್ನ ಕರಕೊಂಡು ಬಂದಿವಿ. ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿ, ಆಲ್ಟರ್ನೇಟರಿನ ವಾಯರ್ ತೆಗೆದು, ಡೀಸೆಲ್ ಚಿಂದಿಯೆಲ್ಲಾ ದೂರ ಹಾಕಿ, ಮರಳಿನ ಬುಟ್ಟಿ ಸಮೀಪ ಇಟ್ಟಿವಿ. ತುಂಡಿನ ಮ್ಯಾಲೆ ಒಂದು ನಟ್ಟು ಇಟ್ಟು ನಟ್ಟಿನ ಹೊಟ್ಟಿ ತುಂಬ ವೆಲ್ಡಿಂಗ್ ಹಿಡಿಸಿದ. ಕೆಂಪು ಆರಿ ಇನ್ನೂ ಬಿಸಿ ಇದ್ದಾಗ ಬುಡಕ್ಕ ಮೇಣಬತ್ತಿ ತಾಗಿಸಿದ. ಮೇಣ ಕರಗಿ ಸಂದಿಯೊಳಗ ತಾನೇ ಇಳೀತೈತಿ. ಆಮ್ಯಾಲೆ ಪಾನಾ ಹಾಕಿ ಒಂದು ಕೂದಲಷ್ಟು ಮುಂದ, ಒಂದು ಕೂದಲಷ್ಟು ಹಿಂದ. ಹತ್ತು ಸಲ ಹಂಗ ಮಾಡಿದ ಮ್ಯಾಲೆ ‘ಕಿರ್’ ಅಂತ ಸಪ್ಪಳಾಗಿ ತುಂಡು ಹೊರಗ ಬಂತು.

ಎರಡನೇದು ಇದಕ್ಕಿಂತ ಕಷ್ಟದ್ದು. ಹೊಗಿ ಹೋಗೂ ಮ್ಯಾನಿಫೋಲ್ಡಿನ 8 ಮಿಲಿಮೀಟರಿನ ಒಂದು ಸ್ಟಡ್ ಒಳಗ ಸಮನಾಗಿ ಮುರಿದಿತ್ತು. ಹಿಡಿಯಾಕ ಚೂರೂ ಇರಲಿಲ್ಲ. ಬಿಸಿ ಹೊಗಿ ಆ ಸಂದಿಯಿಂದ ಬಾನೆಟ್ಟಿನ ಒಳಗ ನುಗ್ಗತಿತ್ತು. ಅಳಿಯ ಈಜೀ-ಔಟ್ ಅನ್ನೂ ಎಡಕ್ಕ ತಿರುಗೂ ಹತಿಯಾರ ತಂದಿದ್ದ. ಮಿಸ್ತ್ರಿ ಅದನ್ನ ಕೈಯಾಗ ಹಿಡಿದು ನೋಡಿ ವಾಪಸ್ ಕೊಟ್ಟ. ಸುಟ್ಟು ತುಕ್ಕು ಹಿಡಿದ ಸ್ಟಡ್ಡಿಗೆ ಅದನ್ನ ಹಾಕಿ ಜಗ್ಗಿದರ ಹತಿಯಾರವೇ ಒಳಗ ಮುರೀತೈತಿ. ಅದು ಎಷ್ಟು ಗಟ್ಟಿ ಅಂದ್ರ ಸಾದಾ ಡ್ರಿಲ್ಲು ಅದನ್ನ ಕೊರಿಯೂದಿಲ್ಲ. ಆಮ್ಯಾಲೆ ಹೆಡ್ಡೇ ಲೇಥಿಗೆ ಹೋಗಬೇಕು.

ಅವ ಕೈ ಗಿರಮಿಟ್ಟು ತಗೊಂಡ. ಕರೆಂಟ್ ಮಷೀನಿನ ವೇಗ ಬ್ಯಾಡ ಅಂದ. ಮೊದಲು ನಟ್ಟನಡುವ ಪಂಚ್ ಹೊಡೆದ. ನಡು ತಪ್ಪಿದರ ಡ್ರಿಲ್ಲು ಪಕ್ಕದ ಮೆತ್ತನ್ನ ಲೋಹಕ್ಕ ಜಾರತೈತಿ. ಆಳ ತಪ್ಪಿದರ ನೀರಿನ ದಾರಿಗೆ ತೂತು ಬೀಳತೈತಿ. ಅದಕ್ಕ ಡ್ರಿಲ್ಲಿಗೆ ಕೆಂಪು ದಾರ ಸುತ್ತಿ ಆಳದ ಗುರುತು ಮಾಡಿಕೊಂಡ. ಮೊದಲು 3 ಮಿಲಿಮೀಟರ್, ಆಮ್ಯಾಲೆ 5, ಕಡೀಕ 6.5. ನಡುನಡುವ ಚಿಮಣಿ ಎಣ್ಣಿ ಹನಿಸೂದು ನನ್ನ ಕೆಲಸ. 8 ಮಿಲಿಮೀಟರಿನ ಥ್ರೆಡ್ ಹಾಕಾಕ 6.8ರ ತೂತು ಬೇಕು. ಅದಕ್ಕಿಂತ ಸ್ವಲ್ಪ ಸಣ್ಣದು ಕೊರೆದರ ಸ್ಟಡ್ಡಿನ ಬರೇ ಸಿಪ್ಪಿ ಉಳೀತೈತಿ, ಎಂಜಿನ್ನಿನ ಥ್ರೆಡ್ಡಿಗೆ ಏಟಾಗೂದಿಲ್ಲ. ಆ ಸಿಪ್ಪಿಯನ್ನ ಚೂಪು ಛಿನ್ನಿಯಿಂದ ಒಳಕ್ಕ ಮಡಚಿ, ಸ್ಪ್ರಿಂಗಿನಂಗ ಸುರುಳಿ ಎಳೆದು ತೆಗೆದ. ಆಮ್ಯಾಲೆ ಟ್ಯಾಪ್ ಹಾಕಿ ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ, ಥ್ರೆಡ್ ಸ್ವಚ್ಛ ಮಾಡಿದ. ಒಂದು ಸ್ಟಡ್ಡಿಗೆ ಮುಂಜಾನಿಯಿಂದ ಮೂರು ತಾಸು ಹಿಡೀತು. ಆ ಮೂರು ತಾಸು ಯಾರೂ ಮಾತಾಡಲಿಲ್ಲ.

ಕಾಕಾ ಕಟ್ಟಿ ಮ್ಯಾಲೆ ಕುಂತು ನೋಡತಿದ್ದರು. ಸ್ಟಡ್ ಹೊರಗ ಬಂದಾಗ ಒಂದೇ ಮಾತು ಅಂದರು: “ತಮ್ಮಾ, ಅವನ ಕೈಯಾಗ ತಾಳ ಐತಿ.”

ಜೀಪು ಮತ್ತ ಕೂಡಿತು. ಎರಡು ತಾಸು ಓಡಿಸಿ, ಪೂರ್ತಿ ಆರಿದ ಮ್ಯಾಲೆ ಮ್ಯಾನಿಫೋಲ್ಡಿನ ನಟ್ಟುಗಳನ್ನ ಇನ್ನೊಮ್ಮೆ ಬಿಗಿದಿವಿ. ಕಾಯ್ದು ಆರಿದಾಗ ಹೊಸ ಗ್ಯಾಸ್ಕೆಟ್ ಕುಸೀತೈತಿ, ಅದಕ್ಕ ಮೊದಲನೇ ಬಿಗಿ ಕಡೇ ಬಿಗಿ ಅಲ್ಲ. ರಾತ್ರಿ ಗಾಡಿ ಕೆಳಗ ಬಿಳೀ ರಟ್ಟು ಹಾಸಿದಿವಿ. ಮುಂಜಾನೆ ನೋಡಿದರ ಕರೀ ಹನಿ ಒಂದೂ ಇರಲಿಲ್ಲ. ಹಿಂದ ಟ್ರಾನ್ಸ್‌ಫರ್ ಡಬ್ಬಿಯ ಕೆಳಗ ಬೆಲ್ಲದ ಬಣ್ಣದ ಒಂದು ಹನಿ ಇತ್ತು. ಹಿರೀಮಗ ರಟ್ಟು ಕೈಯಾಗ ಹಿಡಿದು ಬೆಳಕಿಗೆ ನೋಡಿದ. “ಇದಕ್ಕ ಬೆಂಕಿ ಹತ್ತೂದಿಲ್ಲಲಾ?” ಅಂದ. ಅದರ ಸಮೀಪ ಕಾಯೂದು ಯಾವುದೂ ಇಲ್ಲ, ಆಯಿಲ್ ಮಟ್ಟ ನೋಡಿಕೋತ ಇರ್ರಿ ಅಂದ ಮಿಸ್ತ್ರಿ. ಆ ಮ್ಯಾಲೆ ಮಗ ಮಾರೂ ಮಾತು ಎತ್ತಲಿಲ್ಲ. ದೀಪಾವಳಿ ಅಮಾಸಿ ದಿನ ತಾನೇ ಗಾಡಿ ಹೊಡೆದ.

ಉಮದಿ ದಾಟಿ ಹುಲಜಂತಿ ಮುಟ್ಟಿದಿವಿ. ಕಾಕಾ ಮುಂದಿನ ಸೀಟಿನಾಗ ಮುಂಡಾಸ ಕಟ್ಟಿಕೊಂಡು ಕುಂತಿದ್ದರು. ಆ ರಾತ್ರಿ ಅವರು ನಿಂತು ಹಾಡಲಿಲ್ಲ, ಡೊಳ್ಳಿನ ಪಕ್ಕ ಕುಂತು ಹಾಡಿದರು. ಎದುರು ಮೇಳದವರು ಇಟ್ಟ ಸವಾಲಿಗೆ ನಮ್ಮ ಹುಡುಗರು ತಡವರಿಸಿದಾಗ ಕುಂತಲ್ಲಿಂದಲೇ ಉತ್ತರ ಎತ್ತಿಕೊಟ್ಟರು. ಅದು ಅವರ ಕಡೇ ಹುಲಜಂತಿ. ಮುಂದಿನ ವರ್ಷ ಅವರಿಲ್ಲದ ಹೋದಿವಿ.

ಈ ಕೆಲಸ ಮಾಡಿಸೂವವರಿಗೆ ಇನ್ನೊಂದು ಮಾತು. ಎಂಜಿನ್ ಬದಲಿಸೂದು ಬರೇ ಪಾನಾದ ಕೆಲಸ ಅಲ್ಲ, ಕಾಗದದ ಕೆಲಸಾನೂ ಹೌದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಓ ಒಪ್ಪಿಗಿ ತಗೊಂಡು, ಹೊಸ ಎಂಜಿನ್ ನಂಬರನ್ನ ಆರ್‌ಸಿ ಪುಸ್ತಕದಾಗ ಬರೆಸಬೇಕು. ಗುಜರಿಯವರ ಹತ್ತರ ಎಂಜಿನ್ನಿನ ಬಿಲ್ಲು ಕೇಳಿ ತಗೊಳ್ರಿ, ಇಲ್ಲಾಂದ್ರ ಕಳುವಿನ ಮಾಲು ನಿಮ್ಮ ಕೊರಳಿಗೆ ಬರತೈತಿ. ನಂಬರ್ ಕೂಡಲಿಲ್ಲಂದ್ರ ಅಪಘಾತ ಆದಾಗ ವಿಮಾದವರು ತಕರಾರು ತಗೀತಾರ. ನಮ್ಮ ಗಾಡಿ ಸಾಂಗಲಿ ಪಾಸಿಂಗ್, ಎಂಎಚ್ 10. ಅಲ್ಲಿ ಅರ್ಜಿ ಮರಾಠಿಯೊಳಗ, ನಮ್ಮ ಮೇಳದ ಹಿರಿಯರು ಕಲಿತದ್ದು ಕನ್ನಡ ಸಾಲಿಯೊಳಗ. ತುಂಬಿಕೊಟ್ಟವಳು ಮರಾಠಿ ಸಾಲಿಗೆ ಹೋಗೂ ನನ್ನ ಮೊಮ್ಮಗಳು. ಎಂಜಿನ್ ನಂಬರ್ ಓದಾಕ ಅವಳೇ ಬಾನೆಟ್ಟಿನ ಒಳಗ ತಲಿ ಹಾಕಿ, ಚಿಂದಿಯಿಂದ ಒರಸಿ, ಒಂದೊಂದೇ ಅಂಕಿ ಕೂಗಿ ಹೇಳಿದಳು.

ಜೀಪು ಇನ್ನೂ ಐತಿ. ರಟ್ಟು ಬದಲಾಗ್ಯಾವ, ಬೆಲ್ಲದ ಬಣ್ಣದ ಆ ಒಂದು ಹನಿ ಇನ್ನೂ ಬೀಳತೈತಿ. ತಿಂಗಳಿಗೊಮ್ಮೆ ಮಟ್ಟ ನೋಡಿ ಅಷ್ಟು ಗೇರ್ ಆಯಿಲ್ ಹಾಕತೀವಿ.